ದೊಡ್ಡಮಾದಮ್ಮನ ಕಂಪನಿ

ನಮ್ಮ ಕಡೆ ಕಂಪನಿ ಅಂದರೆ ಏನು ಎಂದು ಯಾರೂ ಕೇಳುವುದಿಲ್ಲ. ಬೆಳಗ್ಗೆ ಏಳೂವರೆಗೆ ಹಳ್ಳಿಹಳ್ಳಿಯಿಂದ ಹೆಂಗಸರನ್ನು ತುಂಬಿಕೊಂಡು ಹೊರಡುವ ಬಿಳಿ ಬಸ್ಸುಗಳು ಚಾಮರಾಜನಗರದ ಹತ್ತಿರ ಬದನಗುಪ್ಪೆಯಲ್ಲಿ ಎಲ್ಲಿ ಹೋಗಿ ನಿಲ್ಲುತ್ತವೋ ಅದು ಕಂಪನಿ. ಹೆಣ್ಣು ನೋಡಲು ಬಂದವರಿಗೆ "ಹುಡುಗಿ ಕಂಪನಿಗೆ ಹೋಗ್ತಾಳೆ" ಎಂದರೆ ಮುಗಿಯಿತು, ಎರಡನೇ ಪ್ರಶ್ನೆ ಇಲ್ಲ. ಪಂಪ್‌ಸೆಟ್ ಕೊಳ್ಳಲು ಹೋದರೆ "ಯಾವ ಕಂಪನಿದು?" ಗುಂಡ್ಲುಪೇಟೆ ಕಡೆ ಚೆಂಡುಹೂವು ಬೆಳೆಯುವವರಿಗೆ ಹೂವಿನ ಮೂಟೆ ತೂಕ ಹಾಕುವವನು ಕಂಪನಿಯವನು. ಸ್ಕೂಲಿನ ಪುಸ್ತಕದಲ್ಲಿ ನಮ್ಮನ್ನು ಆಳಿದ್ದೂ ಒಂದು ಕಂಪನಿಯೇ. ಇನ್ನು ಸಂಜೆ ಹೊತ್ತು ನಮ್ಮ ಯಜಮಾನರ ಸ್ನೇಹಿತನೊಬ್ಬ ಬಾಗಿಲಿಗೆ ಬಂದು "ಒಸಿ ಕಂಪನಿ ಕೊಡು ಬಾರ್ಲಾ" ಎಂದು ಕರೆದರೆ ಅದು ಎಲ್ಲಿಗೆ, ಯಾತಕ್ಕೆ ಎಂದು ನನಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಕಂಪನಿಗೆ ಬೆಂಕಿ ಬೀಳಲಿ.

ಇಷ್ಟೆಲ್ಲ ಕಡೆ ಓಡಾಡುವ ಈ ಪದ ಹುಟ್ಟಿದ್ದು ಎಲ್ಲಿ, ಅದರ ಮೊದಲ ಅರ್ಥ ಏನು ಎಂದು ನನಗೆ ಹೇಳಿದವಳು ದೊಡ್ಡಮಾದಮ್ಮ. ನಮ್ಮ ಗಾರ್ಮೆಂಟ್ಸಿನಲ್ಲಿ ಹೊಲಿದ ಶರ್ಟಿನ ದಾರ ಕತ್ತರಿಸುವ ಕೆಲಸ ಅವಳದು. ಅವಳು ಎಂದು ಬರೆಯುತ್ತಿದ್ದೇನೆ. ನನ್ನ ಹೆತ್ತವ್ವನನ್ನೂ ನಾನು ಅವಳು ಎನ್ನುವುದೇ, ಬೇರೆ ಅರ್ಥ ಹಚ್ಚಬೇಡಿ. ಎದುರಿಗೆ ನಾನು ಅವಳನ್ನು ಮಾದಮ್ಮಕ್ಕ ಅನ್ನುತ್ತಿದ್ದೆ.

ನಾನು ನಾಗಲಕ್ಷ್ಮಿ, ಅದೇ ಲೈನಿನಲ್ಲಿ ಚೆಕಿಂಗ್. ನಾವಿಬ್ಬರೂ ಒಂದೇ ಊರಿನವರು. ಬಸ್ಸು ನಮ್ಮೂರಲ್ಲಿ ಎರಡು ಕಡೆ ನಿಲ್ಲುತ್ತದೆ. ಮೊದಲು ಅವಳ ಕೇರಿಯ ಮುಂದಿನ ಬೇವಿನ ಮರದ ಹತ್ತಿರ, ಆಮೇಲೆ ನಮ್ಮ ಬೀದಿಯ ಡೈರಿ ಹತ್ತಿರ. ಅವಳು ಮೊದಲೇ ಹತ್ತಿ ಕಿಟಕಿ ಪಕ್ಕ ಕೂತು ನನಗೊಂದು ಸೀಟು ಹಿಡಿದಿರುತ್ತಿದ್ದಳು. ಊರೊಳಗೆ ಕಂಡರೆ "ಏನ್ರವ್ವಾ" ಎನ್ನುತ್ತಿದ್ದವಳು ಬಸ್ಸಿನ ಮೆಟ್ಟಿಲು ಹತ್ತಿದ ಮೇಲೆ "ಬಾಮ್ಮಿ, ಇಲ್ ಕೂತ್ಕೊ" ಎನ್ನುತ್ತಿದ್ದಳು. ನನಗೆ ಮೂವತ್ನಾಲ್ಕು, ಅವಳಿಗೆ ಐವತ್ತೆಂಟು. 'ಏನ್ರವ್ವಾ' ಎನ್ನಿಸಿಕೊಳ್ಳುವಾಗ ನನಗೆ ನಾಚಿಕೆಯಾಗಬೇಕಿತ್ತು. ಬಹಳ ದಿನ ಆಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಅವಳು ಹುಟ್ಟಿದ್ದು ಗುಂಡ್ಲುಪೇಟೆಯ ಹತ್ತಿರದ ಒಂದು ಹಳ್ಳಿಯಲ್ಲಿ. ಅಪ್ಪ ಊರೂರು ತಿರುಗುವ ನಾಟಕದವರ ಜೊತೆ ಸೇರಿ ಪರದೆ ಎಳೆಯುತ್ತಿದ್ದ. ಯಾರಾದರೂ ಏನು ಕೆಲಸ ಎಂದು ಕೇಳಿದರೆ ಎದೆ ಸೆಟೆದು "ನಾನು ಕಂಪನಿಯೋನು" ಎನ್ನುತ್ತಿದ್ದನಂತೆ. ಮಗಳನ್ನು ಗುಂಡ್ಲುಪೇಟೆಯ ಹೈಸ್ಕೂಲಿಗೆ ಸೇರಿಸಿದ. ಅಲ್ಲಿ ನೀಲಕಂಠಸ್ವಾಮಿ ಎಂಬ ಇಂಗ್ಲಿಷ್ ಮೇಷ್ಟ್ರು ಇದ್ದರು. ಹತ್ತನೇ ತರಗತಿ ಪಾಸಾದಾಗ ಅವರು ತಮ್ಮ ದಪ್ಪನೆಯ ಇಂಗ್ಲಿಷ್ ನಿಘಂಟನ್ನು ಅವಳ ಕೈಗೆ ಕೊಟ್ಟರು. ಅದು ಬರೀ ಅರ್ಥ ಹೇಳುವ ಪುಸ್ತಕವಲ್ಲ. ಯಾವ ಪದ ಯಾವ ದೇಶದಿಂದ ಯಾವ ವೇಷದಲ್ಲಿ ಬಂತು ಎಂದೂ ಹೇಳುವಂಥದ್ದು. ಪಿಯುಸಿ ಅರ್ಧಕ್ಕೆ ನಿಂತು ನಮ್ಮೂರಿಗೆ ಸೊಸೆಯಾಗಿ ಬಂದಾಗ ಅವಳ ಟ್ರಂಕಿನಲ್ಲಿ ಎರಡು ಸೀರೆ ಮತ್ತು ಈ ನಿಘಂಟು ಇದ್ದವು. ಗಂಡ ಪುಣಜನೂರಿನ ಕಡೆ ಕಾಡಿನಲ್ಲಿ ವಾಚರ್. ತಿಂಗಳಿಗೆರಡು ಸಲ ಮನೆ ಕಂಡರೆ ಹೆಚ್ಚು. ಅವಳು ಹಗಲು ಅರಿಸಿನದ ಹೊಲದಲ್ಲಿ ಕಳೆ ಕೀಳುವುದು, ಸಂಜೆ ಒಲೆ ಮುಂದೆ ಕೂತು ಒಂದು ಪದ ಓದುವುದು. ದಿನಕ್ಕೆ ಒಂದೇ. ಮೂವತ್ತು ವರ್ಷದ ಮೇಲೆ ಹೀಗೆ ಓದಿದಳು. ಹೊಲದ ಕೂಲಿಗೆ ಸೊಂಟ ಬಗ್ಗದ ಹಾಗಾದ ಮೇಲೆ, ಐವತ್ತನೇ ವಯಸ್ಸಿನಲ್ಲಿ, ಕಂಪನಿಗೆ ಬಂದಳು.

ಅವಳ ಪಕ್ಕ ಕೂತು ಬಸ್ಸಿನಲ್ಲಿ ಹೋಗುವುದೆಂದರೆ ನನಗೆ ಪುಕ್ಕಟೆ ಸ್ಕೂಲು. ನಾನು ಬೇಕೆಂತಲೇ ಕೆಣಕುತ್ತಿದ್ದೆ.

"ಮಾದಮ್ಮಕ್ಕ, ಲೈನ್ ಅಂದ್ರೆ ಎಲ್ಲಿಂದ ಬಂತು?"

"ಅಗಸೆ ನಾರಿನಿಂದ ತೆಗ್ದ ದಾರ ಕಣಮ್ಮಿ. ದಾರ ಎಳ್ದು ಕಟ್ಟಿದ್ರೆ ನೆಟ್ಟಗೆ ನಿಂತ್ಕತದಲ್ಲ, ಅದ್ಕೆ ಗೀಟಿಗೂ ಅದೇ ಎಸ್ರಾಯ್ತು. ನಾವ್ ಕೂತ್ಕಳೋ ಲೈನೂ ದಾರವೇ, ನಾವ್ ಕತ್ತರ್ಸೋದೂ ದಾರವೇ."

"ಬಟನ್?"

"ಅದು ಮೊಗ್ಗು."

"ಮತ್ತೆ ನನ್ನ ಚೆಕಿಂಗು?"

ಅದಕ್ಕೆ ಅವಳು ಒಂದು ದಿನ ತಡ ಮಾಡಿ, ಮನೆಯಲ್ಲಿ ಪುಸ್ತಕ ನೋಡಿಕೊಂಡು ಬಂದು ಹೇಳಿದಳು. "ಪಾರಸಿಯೋರು ರಾಜನ್ನ ಶಾ ಅಂತಿದ್ರಂತೆ. ಚದುರಂಗದಲ್ಲಿ ರಾಜ ಸಿಕ್ಕಾಕೊಂಡ ಅಂತ ಕೂಗೋದೇ ಚೆಕ್ಕು. ರಾಜನ್ನ ತಡ್ಯೋದು, ಆಮೇಲೆ ಯಾರ್ನಾದ್ರೂ ತಡ್ದು ನೋಡೋದು, ಎಲ್ಲಾ ಅದ್ರಿಂದ್ಲೇ ಬಂದಿರಾದು. ನೀನು ರಾಜನ್ ಮನೆ ಕೆಲ್ಸ ಮಾಡ್ತಾ ಇರೋಳು ಕಣಮ್ಮಿ, ನಂಗೂ ಒಸಿ ಮರ್ಯಾದಿ ಕೊಡು." ಆ ದಿನ ನಾನು ಹನ್ನೊಂದು ಶರ್ಟು ವಾಪಸು ಕಳಿಸಿದೆ. ಸೂಪರ್‌ವೈಸರು ಬಂದು ನನಗೇನಾಗಿದೆ ಎಂದು ಕೇಳಿದ.

ಇದು ಬರೀ ಹರಟೆ ಎಂದುಕೊಳ್ಳಬೇಡಿ. ಒಂದು ಸಲ ನೋಟೀಸ್ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಒಂದು ಹಾಳೆ ಅಂಟಿಸಿದರು. ಮೂರು ಭಾನುವಾರ ಕೆಲಸಕ್ಕೆ ಬರುವ ವಿಚಾರ. ಸೂಪರ್‌ವೈಸರು ಎಲ್ಲರೂ ಬರಲೇಬೇಕು ಎಂದು ಹೇಳಿ ಹೋದ. ಹಾಲು ಕುಡಿಯುವ ಮಕ್ಕಳನ್ನು ಬಿಟ್ಟು ಬರುವ ಹುಡುಗಿಯರು ಕಣ್ಣೀರು ಹಾಕುತ್ತಿದ್ದರು. ದೊಡ್ಡಮಾದಮ್ಮ ಕನ್ನಡಕ ಏರಿಸಿ ಆ ಹಾಳೆಯ ಮುಂದೆ ಐದು ನಿಮಿಷ ನಿಂತಳು. ಆಮೇಲೆ ನೇರ ಎಚ್ಆರ್ ಸುನೀಲ್ ಕುಮಾರ್ ರೂಮಿಗೆ ಹೋದಳು. ನಾನು ಹಿಂದೆ ಬಾಗಿಲಲ್ಲಿ ನಿಂತಿದ್ದೆ.

"ಸಾರ್, ಇಲ್ಲಿ ವಾಲಂಟರಿ ಅಂತ ಬರ್ದದೆ. ಅದು ಮನಸ್ಸು ಅನ್ನೋ ಪದದಿಂದ ಬಂದಿರಾದು. ಮನಸ್ಸಿದ್ದೋರು ಬರ್ಬೈದು ಅಂತ ಅರ್ಥ. ಮೇಷ್ಟ್ರು ಬರಲೇಬೇಕು ಅಂದವ್ರೆ. ಹಾಳೆ ದೊಡ್ಡದಾ, ಮೇಷ್ಟ್ರು ದೊಡ್ಡೋರಾ?"

ಅವಳ ಬಾಯಲ್ಲಿ ಸೂಪರ್‌ವೈಸರುಗಳೆಲ್ಲ ಮೇಷ್ಟ್ರೇ. ಸುನೀಲ್ ಕುಮಾರ್ ಒಳ್ಳೆಯ ಮನುಷ್ಯ. ಹಾಳೆಯನ್ನೂ ಅವಳನ್ನೂ ಒಂದು ಸಲ ನೋಡಿ, "ಹಾಳೆನೇ ದೊಡ್ಡದು ಕಣಮ್ಮ" ಎಂದ. ಅಂದಿನಿಂದ ಅವನು ಅವಳನ್ನು ಡಿಕ್ಷನರಿ ಅಮ್ಮ ಎಂದು ಕರೆಯತೊಡಗಿದ. ಆ ಮೂರು ಭಾನುವಾರ ನಾನು ನನ್ನ ಮಗಳ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದೆ. ದೊಡ್ಡಮಾದಮ್ಮನನ್ನು ನೆನೆಯದೆ ಹೇಗಿರಲಿ?

ಇಷ್ಟು ದೊಡ್ಡ ಹೆಂಗಸಿನ ಡಬ್ಬಿಯಿಂದ ನಾವು ಎಂಟು ವರ್ಷ ಒಂದು ತುತ್ತು ತೆಗೆದುಕೊಳ್ಳಲಿಲ್ಲ. ಅದನ್ನೇ ಈಗ ಹೇಳಬೇಕು.

ನಮ್ಮ ಕಂಪನಿಯಲ್ಲಿ ಲೈನಿಗೊಂದು ಊಟದ ಹೊತ್ತು. ನಮ್ಮ ಲೈನಿನ ಹೆಂಗಸರು ಕ್ಯಾಂಟೀನಿನ ಹಿಂದಿನ ಜಗುಲಿಯಲ್ಲಿ ದುಂಡಗೆ ಕೂರುತ್ತಿದ್ದೆವು. ಎಲ್ಲರಿಗಿಂತ ಹಳಬಳು ಶಾಂತಮಲ್ಲಮ್ಮ, ನಮ್ಮ ಪೈಕಿಯವಳು, ಬಾಯಿ ಜೋರು. 'ಸುತ್ತು' ಎಂಬ ಪದ್ಧತಿ ಅವಳು ಶುರು ಮಾಡಿದ್ದು. ಅವರವರ ಪಲ್ಯದ ಡಬ್ಬಿ ಬಲಗಡೆಯವರಿಗೆ ಕೊಡುವುದು. ಒಬ್ಬೊಬ್ಬರು ಒಂದೊಂದು ಚಮಚ ಹಾಕಿಕೊಂಡು ಮುಂದೆ ಸಾಗಿಸುವುದು. ಡಬ್ಬಿ ಸುತ್ತು ಮುಗಿಸಿ ಮರಳುವಾಗ ನಿಮ್ಮ ತಟ್ಟೆಯಲ್ಲಿ ಒಂಬತ್ತು ಮನೆಯ ರುಚಿ ಇರುತ್ತದೆ. ಯಾರ ಮನೆಯಲ್ಲಿ ಎಣ್ಣೆ ಮುಗಿದಿದೆ, ಯಾರ ಮನೆಗೆ ನಾದಿನಿ ಬಂದಿದ್ದಾಳೆ ಎಲ್ಲ ಆ ಒಂದು ಚಮಚದಲ್ಲಿ ಗೊತ್ತಾಗುತ್ತಿತ್ತು.

ನಮ್ಮ ಲೈನಿನಲ್ಲಿ ಆ ಕೇರಿಯವಳು ದೊಡ್ಡಮಾದಮ್ಮ ಒಬ್ಬಳೇ. ಸುತ್ತಿನ ವಿಚಾರ ಊರಲ್ಲೇ ಕೇಳಿ ತಿಳಿದಿದ್ದವಳು, ಸೇರಿದ ಮೊದಲ ದಿನ ಅವಳೂ ಬಂದು ನನ್ನ ಪಕ್ಕ ಕೂತಳು. ಮೂರು ಅಂತಸ್ತಿನ ದೊಡ್ಡ ಸ್ಟೀಲ್ ಕ್ಯಾರಿಯರ್ ಬಿಚ್ಚಿ ಪಲ್ಯದ ಡಬ್ಬಿಯನ್ನು ಒಂದು ಗೇಣು ಮುಂದಕ್ಕೆ ತಳ್ಳಿದಳು. ಶಾಂತಮಲ್ಲಮ್ಮ ನನ್ನ ಮುಖ ನೋಡಿದಳು. ನಾನು ನನ್ನ ಡಬ್ಬಿ ನೋಡಿದೆ. ಯಾರೂ ಏನೂ ಹೇಳಲಿಲ್ಲ. ನಮ್ಮ ಜನ ಇಂಥದ್ದನ್ನು ಬಾಯಿಬಿಟ್ಟು ಹೇಳುವ ಕಾಲ ಹೋಯಿತು, ಈಗ ಸುಮ್ಮನಿದ್ದು ಹೇಳುತ್ತೇವೆ. ಆಗ ಅವಳೇ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡು ನಕ್ಕಳು.

"ಅಯ್ಯೋ ಬ್ಯಾಡಿ ಕಣ್ರವ್ವ, ನಂದು ಖಾರ ಜಾಸ್ತಿ. ನಿಮ್ಗೆ ತಡ್ಯಾಕಿಲ್ಲ."

ಹೇಳಿದವಳೇ ಸೆರಗಿನ ಗಂಟಿನಿಂದ ಒಂದು ಹಸಿಮೆಣಸಿನಕಾಯಿ ತೆಗೆದು ಕಚಕ್ಕನೆ ಕಚ್ಚಿದಳು. ನಾವೆಲ್ಲ ನಕ್ಕೆವು. ಕುತ್ತಿಗೆಗೆ ಬಂದದ್ದು ತಪ್ಪಿತಲ್ಲ, ಆ ನಗು.

ಮಾರನೇ ದಿನದಿಂದ ಅವಳು ಎರಡು ಹೆಜ್ಜೆ ಆಚೆ ಕಂಬಕ್ಕೆ ಒರಗಿ ಕೂತಳು. ಮಾತಿಗೆ ಸೇರುತ್ತಿದ್ದಳು, ನಗುತ್ತಿದ್ದಳು, ನಗಿಸುತ್ತಿದ್ದಳು. ನಾವು ನಮ್ಮ ಪಲ್ಯವನ್ನು ಅವಳ ತಟ್ಟೆಗೆ ಮೇಲಿನಿಂದ ಹಾಕುತ್ತಿದ್ದೆವು. ಕೊಡುವುದಕ್ಕೆ ನಮಗೆ ಯಾವ ಮೈಲಿಗೆಯೂ ಇರಲಿಲ್ಲ ನೋಡಿ, ತೆಗೆದುಕೊಳ್ಳುವುದಕ್ಕೆ ಮಾತ್ರ. ಹೊಸದಾಗಿ ಯಾರಾದರೂ ಸೇರಿ, ತಿಳಿಯದೆ ಅವಳ ಕಡೆ ಕೈ ಚಾಚಿದರೆ ಅವಳೇ ಮುಂಚೆ ಹೇಳಿಬಿಡುತ್ತಿದ್ದಳು. "ಖಾರ ಕಣಮ್ಮಿ, ಬ್ಯಾಡ." ದಿನಾ ಆ ಹಸಿಮೆಣಸಿನಕಾಯಿ. ನಾವೂ ನಂಬಿದೆವು. ನಂಬುವುದು ಅನುಕೂಲವಾಗಿತ್ತು.

ಹಿಂದಿನಿಂದ ಆಡುವವರು ಇದ್ದೇ ಇದ್ದರು. ಅವರದು ಬಾಡೂಟ, ಡಬ್ಬಿಯಲ್ಲಿ ಏನಿರುತ್ತದೋ ಎಂದು. ಹತ್ತಿರ ಕೂರುತ್ತಿದ್ದವಳು ನಾನು. ಎಂಟು ವರ್ಷದಲ್ಲಿ ಆ ಕ್ಯಾರಿಯರಿನಲ್ಲಿ ಒಂದು ಮೊಟ್ಟೆಯನ್ನೂ ನಾನು ಕಂಡಿಲ್ಲ. ಸೊಪ್ಪು, ಕಾಳು, ಬದನೆಕಾಯಿ, ಅಷ್ಟೇ. ಅದನ್ನು ಕಂಡೂ ನಾನು ಯಾರ ಬಾಯಿಯನ್ನೂ ಮುಚ್ಚಿಸಲಿಲ್ಲ.

ಕ್ಯಾರಿಯರ್ ಗಾತ್ರ ನೋಡಿ ನಾವು ಅವಳನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆವು. "ಮಾದಮ್ಮಕ್ಕನ ಹೊಟ್ಟೇಲಿ ಇನ್ನೊಬ್ಳು ಕೂತವ್ಳೆ." ಅವಳೂ ಹೊಟ್ಟೆ ತಟ್ಟಿಕೊಂಡು ನಗುವಳು. ಸಂಜೆ ಬಸ್ಸು ಉಬ್ಬು ಹತ್ತಿಳಿದಾಗೆಲ್ಲ ನಮ್ಮೆಲ್ಲರ ಚೀಲದಲ್ಲಿ ಖಾಲಿ ಡಬ್ಬಿಗಳು ಲೊಡಲೊಡ ಎನ್ನುತ್ತಿದ್ದವು. ಅವಳ ಕ್ಯಾರಿಯರ್ ಮಾತ್ರ ತೊಡೆಯ ಮೇಲೆ ಸುಮ್ಮನಿರುತ್ತಿತ್ತು. ಅಚ್ಚುಕಟ್ಟಾಗಿ ಜೋಡಿಸಿದ್ದಾಳೆ ಎಂದುಕೊಂಡಿದ್ದೆ.

ಅವಳ ಹತ್ತಿರ ನಾನು ಎಷ್ಟೋ ಪದ ಕೇಳಿದ್ದೆ. ಒಂದಕ್ಕೆ ಮಾತ್ರ ಉತ್ತರ ಸಿಕ್ಕಿರಲಿಲ್ಲ. ಕಂಪನಿ ಎಂದರೆ ಎಲ್ಲಿಂದ ಬಂತು ಎಂದು ಕೇಳಿದಾಗೆಲ್ಲ "ಅದ ಇನ್ನೊಂದಿನ ಯೋಳ್ತೀನಿ ಬುಡು" ಎಂದು ಕಿಟಕಿಯ ಆಚೆ ನೋಡುತ್ತಿದ್ದಳು. ಗೊತ್ತಿಲ್ಲವೇನೋ, ಒಪ್ಪಿಕೊಳ್ಳಲು ಬಿಗುಮಾನ ಎಂದು ನಾನು ಒಳಗೊಳಗೇ ನಕ್ಕದ್ದೂ ಉಂಟು.

ಡಿಸೆಂಬರ್ ಬಂತು. ಮೂವತ್ತೊಂದಕ್ಕೆ ಅವಳ ರಿಟೈರ್ಮೆಂಟು. ಇಪ್ಪತ್ತೇಳನೇ ತಾರೀಖು, ಶನಿವಾರ, ಬೆಳಗಿನ ಬಸ್ಸಿನಲ್ಲಿ ನಾನು ಹಠ ಹಿಡಿದೆ. "ಇವತ್ತು ಬಿಟ್ಟರೆ ಇನ್ನು ಮೂರು ದಿನದ ಕೆಲಸ ಅದೆ. ಕಂಪನಿ ಬಿಟ್ಟೋಗ್ತಾ ಇದ್ದೀಯ, ಕಂಪನಿ ಅಂದ್ರೇನು ಅಂತ ಹೇಳಿ ಹೋಗು."

ಅವಳು ತೊಡೆಯ ಮೇಲಿನ ಕ್ಯಾರಿಯರನ್ನು ಸರಿ ಮಾಡಿಕೊಂಡಳು.

"ಚಾಮರಾಜನಗರದಲ್ಲಿ ಪಾವ್ ಭಾಜಿ ತಿಂದಿದ್ದೀಯಲ್ಲ, ಆ ಪಾವ್ ಅಂದ್ರೆ ಬ್ರೆಡ್ಡು. ಪೋರ್ಚುಗೀಸ್ರ ಮಾತು. ಅದ್ರ ಬೇರು ಲ್ಯಾಟಿನ್ ಭಾಷೇಲಿ ಅದೆ, ಪಾನಿಸ್ ಅಂತ. ಕಮ್ ಅಂದ್ರೆ ಜೊತೆ. ಜೊತೇಲಿ ರೊಟ್ಟಿ ತಿನ್ನೋರು ಕಂಪನಿ. ಮೊದ್ಲು ಅಷ್ಟೇ ಇದ್ದದ್ದು. ಯಾಪಾರ, ಕಾರ್ಖಾನೆ, ಸರ್ಕಾರ ಎಲ್ಲಾ ಆಮೇಲ್ ಬಂದು ಸೇರ್ಕಂಡ್ವು."

ಅವಳು ಮುಂದುವರಿಸಿದಳು.

"ನಮ್ಮಪ್ಪ ಕಂಪನಿಯೋನು ಕಂಪನಿಯೋನು ಅಂತಿದ್ನಲ್ಲ, ಅದ್ಕೆ ನೀಲಕಂಠಸ್ವಾಮಿ ಮೇಷ್ಟ್ರ ಕೇಳಿದ್ದೆ, ಒಂಬತ್ನೇ ಕ್ಲಾಸ್ನಲ್ಲಿ. ಊಟದ್ ಬೆಲ್ಲಾಗಿತ್ತು. ಅವ್ರು ಬಾಯಲ್ಲಿ ಯೋಳ್ನಿಲ್ಲ ಕಣಮ್ಮಿ. ನನ್ ಬಟ್ಟೆ ಗಂಟ ಬಿಚ್ಚು ಅಂದ್ರು. ರಾಗಿ ರೊಟ್ಟಿ ಇತ್ತು. ಅರ್ಧ ಮುರ್ಕಂಡು ನನ್ ಎದುರ್ಗೇ ನಿಂತು ತಿಂದ್ರು. ತಿಂದು, ಇದೇ ಕಂಪನಿ ಅಂದ್ರು. ಮಿಕ್ಕ ಮೇಷ್ಟ್ರುಗಳು ಅವ್ರ ಜೊತೆ ಎಷ್ಟೋ ದಿಸ ಮಾತಾಡ್ನಿಲ್ವಂತೆ. ಅವ್ರೂ ನಿಮ್ಮೋರೇ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ಮಾದಮ್ಮಕ್ಕ?"

"ಯೋಳಿದ್ರೆ ನಿಂಗೆ ಉಂಡದ್ದು ಮೈಗೆ ಅತ್ತಾಕಿಲ್ಲ ಅಂತ."

ಬಸ್ಸು ಗೇಟಿನೊಳಗೆ ನುಗ್ಗಿತು. ಅವಳು ಕ್ಯಾರಿಯರ್ ಎತ್ತಿಕೊಂಡು ಇಳಿದಳು. ನಾನು ಇಳಿಯುವುದು ತಡವಾಗಿ ಹಿಂದಿನವಳ ಕೈಲಿ ಬೈಸಿಕೊಂಡೆ.

ಅವಳ ಡಬ್ಬಿ ಒಂದು ಸಲವಾದರೂ ಸುತ್ತಿಗೆ ಬರಬೇಕು, ಅದೂ ಮೂವತ್ತೊಂದರ ಒಳಗೆ. ಇಷ್ಟು ನನಗೆ ಅರ್ಥವಾಯಿತು. ಅದಕ್ಕೆ ಮೊದಲು ಕೈ ಹಾಕಬೇಕಾದವಳು ನಾನೇ. ಅರ್ಥವಾಗುವುದು ಬೇರೆ, ಏಳುವುದು ಬೇರೆ. ಆ ಶನಿವಾರ ಊಟದ ಹೊತ್ತಿಗೆ ನಾನು ಕಂಬದ ಕಡೆ ತಿರುಗಿಯೂ ನೋಡಲಿಲ್ಲ. ಸೋಮವಾರ ನೋಡಿದೆ, ಏಳಲಿಲ್ಲ. ಮಂಗಳವಾರ ಎದ್ದೆ, ನಲ್ಲಿಯ ತನಕ ಹೋಗಿ ತೊಳೆದ ಕೈಯನ್ನೇ ಮತ್ತೆ ತೊಳೆದುಕೊಂಡು ಬಂದು ಕೂತೆ. ನನ್ನನ್ನು ತಡೆಯುತ್ತಿದ್ದದ್ದು ಶಾಂತಮಲ್ಲಮ್ಮನೊಬ್ಬಳೇ ಅಲ್ಲ. ನಮ್ಮ ಅತ್ತೆ ಗುರುಸಿದ್ದಮ್ಮ ನಾನು ಕೆಲಸಕ್ಕೆ ಸೇರುವಾಗಲೇ ಹೇಳಿದ್ದರು: "ದುಡಿಯಾದ ಎಲ್ಲಾರ ಜೊತೆ ದುಡಿ, ಉಣ್ಣಾದ ಮಾತ್ರ ನೋಡ್ಕಂಡು ಉಣ್ಣು." ಅತ್ತೆ ಕೆಟ್ಟವರಲ್ಲ. ಮಗುವನ್ನು ಅವರು ನೋಡಿಕೊಳ್ಳದಿದ್ದರೆ ಹೆರಿಗೆಯಾದ ಮೇಲೆ ನಾನು ಮತ್ತೆ ಕಂಪನಿಯ ಮುಖವನ್ನೇ ಕಾಣುತ್ತಿರಲಿಲ್ಲ. ಲೈನಿನಲ್ಲಿ ನಡೆದದ್ದು ನಾನು ಚಪ್ಪಲಿ ಬಿಡುವ ಮೊದಲೇ ಅವರ ಕಿವಿಗೆ ಮುಟ್ಟುತ್ತದೆ ಎನ್ನುವುದೂ ನನಗೆ ಗೊತ್ತಿತ್ತು.

ಬುಧವಾರ ಮೂವತ್ತೊಂದು. ಹನ್ನೊಂದು ಗಂಟೆಗೆ ಮಿಷನ್ನುಗಳನ್ನು ಹತ್ತು ನಿಮಿಷ ನಿಲ್ಲಿಸಿ ಸುನೀಲ್ ಕುಮಾರ್ ಅವಳಿಗೆ ಶಾಲು ಹೊದಿಸಿದ. ಮೈಕು ಅವಳ ಕೈಗೆ ಕೊಟ್ಟು, "ಡಿಕ್ಷನರಿ ಅಮ್ಮ, ಎಲ್ಲಾ ಪದಕ್ಕೂ ಅರ್ಥ ಹೇಳಿದ್ದೀರಿ. ಇವತ್ತು ಕಂಪನಿ ಬಗ್ಗೆ ಎರಡು ಮಾತು ಹೇಳಿ" ಎಂದ.

ಇನ್ನೂರು ಜನ ನಿಂತಿದ್ದೆವು. ಅವಳು ಬಾಯಿ ತೆರೆದು ಆ ಅರ್ಥವನ್ನು ಹೇಳಿದ್ದರೆ ಸಾಕಿತ್ತು, ನಮ್ಮ ಲೈನಿನವರು ತಲೆ ಎತ್ತುವ ಹಾಗಿರಲಿಲ್ಲ. ಹೇಳುವ ಹಕ್ಕು ಅವಳಿಗಿತ್ತು. ಅವಳು ಒಂದು ಸಲ ನಮ್ಮ ಕಡೆ ನೋಡಿದಳು.

"ಕಂಪನಿ ಚೆನ್ನಾಗಿತ್ತು ಸಾರ್" ಎಂದಳು. ಮೈಕು ವಾಪಸು ಕೊಟ್ಟಳು.

ಆ ಮಾತಿಗೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವಳ ಮೇಲಲ್ಲ. ಈ ಹೆಂಗಸಿಗೆ ಇಷ್ಟು ದೊಡ್ಡ ಮನಸ್ಸು ಎಲ್ಲಿಂದ ಬಂತು, ನಮಗೆ ಇಷ್ಟು ಚಿಕ್ಕದು ಯಾರು ಕೊಟ್ಟರು?

ಹನ್ನೆರಡೂವರೆಗೆ ಊಟಕ್ಕೆ ಕೂತೆವು. ಅವಳು ಶಾಲನ್ನು ಮಡಿಸಿ ಪಕ್ಕದಲ್ಲಿಟ್ಟುಕೊಂಡು ಕಂಬಕ್ಕೆ ಒರಗಿದಳು. ಸುತ್ತು ಶುರುವಾಯಿತು. ಶಾಂತಮಲ್ಲಮ್ಮನ ಡಬ್ಬಿ ನನ್ನ ಕೈಗೆ ಬಂದಾಗ ಅದನ್ನು ನೆಲದ ಮೇಲಿಟ್ಟು ಎದ್ದೆ. ಎರಡು ಹೆಜ್ಜೆ, ಅಷ್ಟೇ ದೂರ. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ನನ್ನ ತಟ್ಟೆ ಹಿಡಿದೆ.

"ಹಾಕು."

"ಖಾರ ಕಣಮ್ಮಿ" ಎಂದಳು ಅವಳು, ರೂಢಿಯಂತೆ.

"ಇರ್ಲಿ, ಹಾಕು."

"ನಿಮ್ಮತ್ತೆ..."

"ಉಣ್ತಾ ಇರೋಳು ನಾನು, ನಮ್ಮತ್ತೆ ಅಲ್ಲ."

ಅವಳು ಹಾಕಿದಳು. ಹಿದುಕಿದ ಅವರೆಬೇಳೆ, ಕೆಳಗೆ ರಾಗಿ ಮುದ್ದೆ. ನಾನು ಒಂದು ಲೋಟ ನೀರು ಪಕ್ಕಕ್ಕೆಳೆದುಕೊಂಡು, ಹಲ್ಲು ಕಚ್ಚಿ, ತುತ್ತು ಬಾಯಿಗಿಟ್ಟೆ. ಉಪ್ಪು ಹದವಾಗಿತ್ತು. ಕಾಯಿ ಇತ್ತು, ಕೊತ್ತಂಬರಿ ಸೊಪ್ಪಿತ್ತು. ಖಾರ ಬರಲಿ ಎಂದು ಕಾದೆ. ಬರಲಿಲ್ಲ. ಇನ್ನೊಂದು ತುತ್ತು ತಿಂದೆ. ನನ್ನ ಮೂರು ವರ್ಷದ ಮಗಳಿಗೂ ಉಣ್ಣಿಸಬಹುದಿತ್ತು. ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಎಂದು ಸುಳ್ಳು ಹೇಳುವ ಹಾಗೂ ಇರಲಿಲ್ಲ.

ಕೇಳದೆಯೇ ಆ ಡಬ್ಬಿಯನ್ನು ಎತ್ತಿಕೊಂಡು ಹೋಗಿ ಶಾಂತಮಲ್ಲಮ್ಮನ ಮುಂದಿಟ್ಟೆ. ಅವಳು ಡಬ್ಬಿ ನೋಡಿದಳು, ನನ್ನ ಎಂಜಲು ಕೈ ನೋಡಿದಳು, ಆಚೆ ಕಂಬದ ಹತ್ತಿರ ತಲೆ ತಗ್ಗಿಸಿ ಕೂತವಳನ್ನು ನೋಡಿದಳು. ಎಷ್ಟು ಹೊತ್ತೋ. ಆಮೇಲೆ ಚಮಚ ತೆಗೆದುಕೊಂಡು ತಟ್ಟೆಗೆ ಹಾಕಿಕೊಂಡು ತಿಂದಳು. ಅಗಿಯುವುದನ್ನು ನಿಲ್ಲಿಸಿದಳು. ಮತ್ತೆ ಅಗಿದಳು.

"ಏನೇ ಮಾದಮ್ಮ" ಎಂದಳು, ಬಾಯಿಜೋರಿನ ಶಾಂತಮಲ್ಲಮ್ಮನ ದನಿ ಅಷ್ಟು ಕೆಳಗಿಳಿದದ್ದನ್ನು ನಾನು ಮೊದಲ ಸಲ ಕೇಳಿದೆ, "ಇದಕ್ಕೆ ಒಂದ್ ಮೆಣಸಿನ್ಕಾಯ್ನಾದ್ರೂ ಹಾಕಿದ್ದೀಯೇನೇ?"

ದೊಡ್ಡಮಾದಮ್ಮನ ಕೈಯಲ್ಲಿ ಹಸಿಮೆಣಸಿನಕಾಯಿ ಕಚ್ಚಿದ್ದು ಹಾಗೇ ಇತ್ತು. ಅದನ್ನು ಮುಚ್ಚಿಡಲು ನೋಡಿ, ಆಗದೆ, ನಕ್ಕುಬಿಟ್ಟಳು.

"ನೀವ್ ಖಾರ ತಿನ್ನಾಕಿಲ್ವಲ್ಲವ್ವ. ಎಂದಾದ್ರೂ ಒಂದಿನ ಕೇಳೀರಿ ಅಂತ ಸಪ್ಪೆ ಮಾಡ್ಕಂಡ್ ಬತ್ತಿದ್ದೆ. ನಂಗೆ ಸಪ್ಪೆ ಒಳಕ್ಕಿಳ್ಯಾಕಿಲ್ಲ, ಅದ್ಕೇ ಇದ ಕಚ್ಕತಿದ್ದೆ."

"ಎಂಟು ವರ್ಸವಾ?" ಎಂದಳು ಶಾಂತಮಲ್ಲಮ್ಮ.

"ದಿನಾ ಅವರೆಕಾಳು ಸಿಕ್ತದಾ? ಸಿಕ್ಕಿದ್ದ ಮಾಡ್ತಿದ್ದೆ."

ಕೇಳಿದ್ದು ಬೇರೆ, ಅವಳು ಹೇಳಿದ್ದು ಬೇರೆ. ನಮ್ಮನ್ನು ಕಾಪಾಡುವ ಅಭ್ಯಾಸ ಅವಳಿಗೆ ಆಗಲೂ ಬಿಟ್ಟಿರಲಿಲ್ಲ. ಮೂರು ಅಂತಸ್ತಿನ ಕ್ಯಾರಿಯರ್ ಯಾಕೆ ಎಂದು ಆಗ ತಿಳಿಯಿತು. ದಿನಾ ಒಂಬತ್ತು ಜನಕ್ಕೆ ಆಗುವಷ್ಟು ಮಾಡಿಕೊಂಡು ಬಂದು, ಖಾರ ಎಂದು ಸುಳ್ಳು ಹೇಳಿ, ಮಿಕ್ಕದ್ದನ್ನು ಹಾಗೇ ಹೊತ್ತುಕೊಂಡು ಹೋಗುತ್ತಿದ್ದಳು. ನಾವು ಅವಳನ್ನು ಹೊಟ್ಟೆಬಾಕಿ ಎಂದೆವು.

ಶಾಂತಮಲ್ಲಮ್ಮ ಇನ್ನೊಂದು ಚಮಚ ಹಾಕಿಕೊಂಡು ಡಬ್ಬಿಯನ್ನು ಬಲಗಡೆಗೆ ಸಾಗಿಸಿದಳು. ಆಮೇಲೆ 'ಇಲ್ ಬಂದ್ ಕೂತ್ಕೊ' ಎಂದು ನೆಲ ತಟ್ಟಿದಳು. ಡಬ್ಬಿ ಸುತ್ತು ಹೋಯಿತು. ಇಬ್ಬರು ಹಾಕಿಕೊಳ್ಳದೆ ಮುಂದೆ ಸಾಗಿಸಿದರು; ಅವರ ಹೆಸರು ಹೇಳುವುದಿಲ್ಲ, ನಾನೂ ಹಿಂದಿನ ದಿನದ ತನಕ ಅವರಲ್ಲೊಬ್ಬಳು. ಉಳಿದವರು ಎರಡೆರಡು ಸಲ ಹಾಕಿಕೊಂಡರು. ಕೊನೆಗೆ ಅವಳ ಕೈಗೆ ಬಂದಾಗ ಡಬ್ಬಿಯ ತಳ ಕಾಣುತ್ತಿತ್ತು. ಅವಳು ಅದನ್ನು ಬಗ್ಗಿಸಿ ನೋಡಿದಳು, ಮತ್ತೊಮ್ಮೆ ನೋಡಿದಳು.

ಸಂಜೆಯ ಬಸ್ಸಿನಲ್ಲಿ ನಾನು ಅವಳ ಪಕ್ಕ ಕೂತೆ. ಮನೆಯಲ್ಲಿ ಅತ್ತೆ ಏನಂದರು ಎಂಬುದು ಅವರಿಗೂ ನನಗೂ ಬಿಟ್ಟದ್ದು; ನಾಲ್ಕು ದಿನ ಮಾತು ಬಿಟ್ಟಿದ್ದರು, ಅಷ್ಟು ಹೇಳಿದರೆ ಸಾಕು. ಬಸ್ಸಿನಲ್ಲಿ ಮಾತ್ರ ನನಗೆ ಯಾರ ಹೆದರಿಕೆಯೂ ಇರಲಿಲ್ಲ. ಗೇಟು ದಾಟಿ ಮೊದಲ ಉಬ್ಬು ಬಂತು. ಎಲ್ಲರ ಚೀಲದಲ್ಲೂ ಡಬ್ಬಿಗಳು ಲೊಡಲೊಡ ಎಂದವು. ಅವಳ ತೊಡೆಯ ಮೇಲಿನ ಕ್ಯಾರಿಯರೂ ಸದ್ದು ಮಾಡಿತು. ಎಂಟು ವರ್ಷದಲ್ಲಿ ಅದು ಖಾಲಿಯಾಗಿ ಮನೆಗೆ ಹೋದದ್ದು ಅದೊಂದೇ ದಿನ. ಅವಳು ಅದರ ಮೇಲೆ ಕೈ ಇಟ್ಟು ಸದ್ದು ನಿಲ್ಲಿಸಲು ಹೋಗಿ, ಕೈ ತೆಗೆದಳು. ನಮ್ಮೂರಿನ ಬೇವಿನ ಮರ ಬರುವ ತನಕ ಅದು ಸದ್ದು ಮಾಡುತ್ತಲೇ ಇತ್ತು.